ಗೆರೆಯ ದಪ್ಪ

ರಿಯೆಕಾ ಬಂದರಿನ ಹಿಂದಿನ ಬೀದಿ, ಮೂರನೇ ಮಹಡಿ,
ಹಡಗು ರಿಪೇರಿಯವರ ನಕ್ಷೆ ಕಚೇರಿ.
ಹನ್ನೊಂದು ಕಂಪ್ಯೂಟರು. ಹನ್ನೊಂದಕ್ಕೂ ನಾನೇ ಬೀಗ ಹಾಕಿದವನು.
ಬೇಡವೆಂದವರಿಲ್ಲ. ಹೋದ ಚಳಿಗಾಲ ಯಾರೋ
ಪುಕ್ಕಟೆ ಅಕ್ಷರವಿನ್ಯಾಸ ಇಳಿಸಿಕೊಳ್ಳಲು ಹೋಗಿ
ಮೂರು ದಿನ ಇಡೀ ಕಚೇರಿ ಕೈಕಟ್ಟಿ ಕೂತಿತ್ತು.
ಅಂದಿನಿಂದ ಎಲ್ಲರೂ ಬರೀ ಬಳಕೆದಾರರು:
ತೆರೆಯಬಹುದು, ಗೀಚಬಹುದು,
ತಮ್ಮ ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಬಹುದು;
ಅಡಿಪಾಯ ಮುಟ್ಟುವಂತಿಲ್ಲ.

ನೆವೆಂಕಾ ದೂರಲಿಲ್ಲ. ಅದೇ ಕಷ್ಟ.
ದೂರಿದ್ದರೆ ನನಗೆ ತಿಳಿಯುತ್ತಿತ್ತು.
ದಿನಾ ಬೆಳಿಗ್ಗೆ, ಕಾಫಿ ಆರುವಷ್ಟು ಹೊತ್ತು,
ನಿನ್ನೆಯದನ್ನೇ ಮತ್ತೆ ಹೇಳಿಕೊಡುತ್ತಿದ್ದಳು ಅದಕ್ಕೆ:
ಹಾಳೆ ಇಷ್ಟು ಅಗಲ, ಅಳತೆ ಮಿಲಿಮೀಟರಿನಲ್ಲಿ,
ಉಕ್ಕಿನ ಅಂಚಿಗೆ ದಪ್ಪ ಗೆರೆ,
ಮರೆಯಲ್ಲಿರುವ ಕೊಳವೆಗೆ ತುಂಡು ಗೆರೆ,
ನಡುರೇಖೆ ಕೂದಲೆಳೆ.
ಸಂಜೆ ಮುಚ್ಚಿದಳೋ, ಎಲ್ಲ ಮರೆತುಹೋಗುತ್ತಿತ್ತು.
ಮರುದಿನ ಮತ್ತೆ ಅಂಗುಲದಲ್ಲಿ ಮಾತಾಡುತ್ತಿತ್ತು,
ಆಗಷ್ಟೇ ಹಡಗಿಳಿದ ಪರದೇಶಿಯ ಹಾಗೆ.

ಅವಳ ಪರದೆಯ ಅಂಚಿಗೆ ಹಳದಿ ಚೀಟಿ ಕಂಡು
ಪಾಸ್‌ವರ್ಡೇ ಇರಬೇಕೆಂದು ಬೈಯಲು ಹೋದೆ.
೦.೫೦. ೦.೩೫. ೦.೧೮.
ಗೆರೆಯ ದಪ್ಪಗಳು.
ಬೈಗುಳ ಬಾಯಲ್ಲೇ ಉಳಿಯಿತು.
"ಎಷ್ಟು ದಿನದಿಂದ?"
"ಫೆಬ್ರುವರಿ." ಅದು ಅಕ್ಟೋಬರು.
"ಹೇಳಬಾರದಿತ್ತೆ?"
"ನಿನ್ನ ನಿಯಮ ಅಂದುಕೊಂಡೆ."

ಪೂರ್ತಿ ಕೀಲಿಕೈಯನ್ನೇ ಕೊಟ್ಟುಬಿಡು, ಅಂದ ಮಾಲೀಕ ಜ್ದೆಸ್ಲಾವ್,
ತನ್ನ ಕೀಲಿಯನ್ನು ಬೂದಿತಟ್ಟೆಯ ತಳದಲ್ಲಿ ಬರೆದಿಟ್ಟವನು.
ತಂತ್ರಾಂಶ ಮಾರಿದವರಿಗೆ ಫೋನು ಮಾಡಿದೆ.
ಪೂರ್ಣಾಧಿಕಾರ ಕೊಟ್ಟರೆ ಸರಿಹೋಗುತ್ತದೆ, ಅಂದರು.
ಒಂದು ಮೊಳೆ ಹೊಡೆಯಲು
ಮನೆಯ ಪತ್ರವನ್ನೇ ಕೇಳುವ ಬಡಗಿಗಳು!

ನೆವೆಂಕಾ ಆ ವಾರ ಬಿಡಿಸುತ್ತಿದ್ದದ್ದು
ಕ್ರೆಸ್ ದ್ವೀಪಕ್ಕೆ ಹೋಗುವ ಹಡಗಿನ ಅಡ್ಡಗೋಡೆ.
ಒಂದು ಕೋಣೆಗೆ ನುಗ್ಗಿದ ನೀರು ಇನ್ನೊಂದಕ್ಕೆ ಹೋಗಬಾರದು.
"ಮತ್ತೆ ಈ ತೂತು ಯಾಕೆ?"
"ತಂತಿ ದಾಟಬೇಕಲ್ಲ," ಅಂದಳು, ತಲೆ ಎತ್ತದೆ.
"ತೂತಿಲ್ಲದ ಗೋಡೆಯಿಂದ ದೀಪ ಹತ್ತುವುದಿಲ್ಲ.
ತಂತಿಯಷ್ಟೇ ತೂತು, ಸುತ್ತ ಬಿಗಿ ರಬ್ಬರು."

ರಾತ್ರಿ ಅವಳ ಕುರ್ಚಿಯಲ್ಲಿ ಕೂತೆ. ಹೊರಗೆ ಬುರಾ ಗಾಳಿ
ಬೆಟ್ಟದಿಂದಿಳಿದು ಕಿಟಕಿಗಳ ದವಡೆ ಅಲುಗಿಸುತ್ತಿತ್ತು.
ಅವಳ ಹೆಸರಿನಲ್ಲೇ ತೆರೆದು, ತಂತ್ರಾಂಶ
ಎಲ್ಲೆಲ್ಲಿ ಕೈಚಾಚುತ್ತದೆಂದು ನೋಡುತ್ತ ಹೋದೆ.
ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ.
ನಾನೂರು ಸಾಲು, ನನ್ನದೇ ದನಿ.
ನಾನೂರೂ ಒಂದೇ ಬಾಗಿಲ ಮೇಲೆ ಬಿದ್ದ ಬಡಿತ:
ಕಾರ್ಯಕ್ರಮಗಳ ಕೋಣೆಯ ಒಳಗೆ ಒಂದು ಪುಟ್ಟ ಕಡತ,
ಅದರ ನೆನಪಿನ ಡಬ್ಬಿ.
ಅದನ್ನು ಅಲ್ಲಿಟ್ಟವನು ಯಾರೋ, ಎಂದೋ,
ಕಂಪ್ಯೂಟರಿನ ಮುಂದೆ ಕೂತವರೇ
ಅದರ ಒಡೆಯರೆಂದು ನಂಬಿದ್ದ ಕಾಲದವನು.

ಕಡತದ ಮೇಲೆ ಬಲಗುಂಡಿ ಒತ್ತಿದೆ. ಅವಳ ಹೆಸರು. ಬರೆಯಬಹುದು.
ಆ ಒಂದಕ್ಕೆ ಮಾತ್ರ.
ಕೆಲಸ ಅರ್ಧ ನಿಮಿಷದ್ದು.
ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.
ನಾನೂ ಗೆರೆ ಎಳೆಯುವವನೇ ಅಲ್ಲವೆ;
ಹನ್ನೊಂದು ಜನಕ್ಕೆ, ಎಲ್ಲ ಕಡೆ,
ಒಂದೇ ದಪ್ಪದಲ್ಲಿ ಎಳೆದಿದ್ದೆ.

ಬೆಳಿಗ್ಗೆ ಅವಳು ಬಂದಳು, ತೆರೆದಳು.
ಅಭ್ಯಾಸದ ಬೆರಳು ಪಟ್ಟಿಯ ತನಕ ಹೋಗಿ ನಿಂತಿತು.
೦.೧೮ ಆಗಲೇ ಅಲ್ಲಿತ್ತು.
"ಯಾರು ಮುಟ್ಟಿದ್ದು ಇದನ್ನ?" ಎಂದು ಸಿಡುಕಿದಳು ಮೊದಲು.
ನಾನು ಹೇಳಿದೆ. ಕೇಳಿದಳು.
ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಳು.

ಚೀಟಿ ಮಾತ್ರ ಕೀಳಲಿಲ್ಲ.
ಅಂಟು ಬಿಟ್ಟ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ
"ಮುಂದಿನ ಅಪ್‌ಡೇಟ್ ಯಾವಾಗ?" ಅಂದಳು.